ಮೈಮೇಲೆ ದೇವರು ಬಂದರೆ ಹುಚ್ಚೇ? ಯಾವ ಕೋಲಿನಿಂದ ಅಳೆಯುತ್ತಿದ್ದೀರಿ ಹೇಳಿ

ಸಿಂಧನೂರಿನಿಂದ: ಮೊಬೈಲ್ ಟೆಸ್ಟಿನಲ್ಲಿ ನನಗೆ ಬೈಪೋಲಾರ್ (ಒಮ್ಮೆ ಅತಿ ಹುರುಪು, ಒಮ್ಮೆ ಖಿನ್ನತೆ ಬರುವ ಕಾಯಿಲೆ) ಅಂತ ಬಂದಿದೆ. ಏನು ಮಾಡಲಿ?

ಆ ಆ್ಯಪ್ ಅಳಿಸಿ. ಆಮೇಲೂ ನಿದ್ದೆ ಕೆಟ್ಟಿದ್ದರೆ ಡಾಕ್ಟರಿಗೆ ತೋರಿಸಿ.

ಕಾರಟಗಿಯಿಂದ: ನಮ್ಮವ್ವಗ 54 ವರ್ಷ. ಮೊದಲಿಂದ್ಲೂ ಹುಣ್ಣಿಮಿಗೆ ಮೈಮ್ಯಾಲ ಹುಲಿಗೆಮ್ಮ ಬರ್ತಾಳ. ಈಗ ಎರಡು ತಿಂಗಳಿಂದ ಮನ್ಯಾಗ ಯಾವಾಗ ಬೇಕಾದ್ರೂ ಬರ್ತದ. ರಾತ್ರಿ ನಿದ್ದಿ ಇಲ್ಲ, ಒಲಿ ಮುಂದ ಹೋಗಂಗಿಲ್ಲ. ನನ್ನ ಹೆಂಡತಿ ತವರಿನವರು ಹುಚ್ಚು ಅಂತಾರ, ಓಣಿಯವರು ದೇವರು ಅಂತಾರ. ಯಾರ ಮಾತು ಖರೆ?

ಇಬ್ಬರದೂ ಅಲ್ಲ. ಊರಿನ ಹೆಸರೊಂದು ಬಿಟ್ಟು ಉಳಿದೆಲ್ಲ ಹೀಗೇ ಇರುವ ಪತ್ರಗಳು ಬರುತ್ತಲೇ ಇರುತ್ತವೆ. ಆದ್ದರಿಂದ ಒಮ್ಮೆ ಬಿಡಿಸಿ ಹೇಳುತ್ತೇನೆ. ಯಾವುದು ಅಸಹಜ ಎಂದು ಹೇಳಲು ಇಲ್ಲಿ ನಾಲ್ಕು ಅಳತೆಗಳನ್ನು ನೋಡೋಣ.

ಅಪರೂಪವಾದದ್ದು ಅಸಹಜ ಎಂಬುದೊಂದು ಅಳತೆ. ಐಕ್ಯೂ, ಅಂದರೆ ಬುದ್ಧಿಮತ್ತೆ ಪರೀಕ್ಷೆಯ ಅಂಕದ ವಿಷಯದಲ್ಲಿ ಇದು ಅರ್ಧ ಕೆಲಸಕ್ಕೆ ಬರುತ್ತದೆ: ಸರಾಸರಿ 100, 70ಕ್ಕಿಂತ ಕೆಳಗಿರುವವರು ನೂರಕ್ಕೆ ಸುಮಾರು ಇಬ್ಬರು. 130 ದಾಟಿದವರೂ ಅಷ್ಟೇ ಅಪರೂಪ, ಅವರನ್ನು ಯಾರೂ ಆಸ್ಪತ್ರೆಗೆ ಎಳೆದೊಯ್ಯುವುದಿಲ್ಲ. ಖಿನ್ನತೆ ಅಪರೂಪವೇ ಅಲ್ಲ, ಆದರೂ ಕಾಯಿಲೆ. ನಿಮ್ಮ ತಾಯಿಗೆ ಈ ಲೆಕ್ಕ ಬೇಡ.

ಸಮಾಜದ ಕಟ್ಟಳೆ ಮೀರಿದ್ದು ಅಸಹಜ ಎನ್ನುವ ಅಳತೆ ಅಪಾಯಕಾರಿ. 1851ರಲ್ಲಿ ಅಮೆರಿಕದ ಕಾರ್ಟ್‌ರೈಟ್ ಎಂಬ ವೈದ್ಯ, ಒಡೆಯನಿಂದ ತಪ್ಪಿಸಿಕೊಂಡು ಓಡುವ ಗುಲಾಮರಿಗೆ ಒಂದು ರೋಗ ಹತ್ತಿದೆ ಎಂದು ಹೆಸರೇ ಇಟ್ಟುಬಿಟ್ಟ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ, ಸಮುದಾಯದ ನೀತಿ ನಂಬಿಕೆಗೆ ಹೊಂದಲಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಮಾನಸಿಕ ರೋಗಿ ಎನ್ನಕೂಡದು ಎನ್ನುತ್ತದೆ. ಆದರೂ ಈ ಅಳತೆಯಲ್ಲಿ ಒಂದು ಉಪಯೋಗವಿದೆ. ಗುಡಿಯಂಗಳದಲ್ಲಿ, ಚೌಡಿಕೆ ನುಡಿಯುವಾಗ, ಸುತ್ತಲಿನವರು ಭಂಡಾರ ಹಚ್ಚಿ ಇಳಿಸುವ ಮೈತುಂಬುವಿಕೆಯನ್ನು ಮನೋವೈದ್ಯರು ರೋಗವೆನ್ನುವುದಿಲ್ಲ. ಅದೇ ಮೈತುಂಬುವಿಕೆ ಅಡುಗೆಮನೆಯಲ್ಲಿ, ಒಬ್ಬರೇ ಇದ್ದಾಗ, ಬೇಡವೆಂದರೂ ಬಂದು ಸಂಕಟ ಕೊಟ್ಟರೆ ವಿಚಾರಿಸಬೇಕು. ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ದೇವರಲ್ಲ, ‘ಎರಡು ತಿಂಗಳಿಂದ’ ಎಂಬ ಮಾತು.

ಮೂರನೆಯದು, ದಿನದ ಬಾಳು ನಡೆಸಲು ಆಗದಿರುವುದು. ಮನಶ್ಶಾಸ್ತ್ರಜ್ಞರಾದ ರೋಸೆನ್‌ಹ್ಯಾನ್ ಮತ್ತು ಸೆಲಿಗ್ಮನ್ 1989ರಲ್ಲಿ ಇದಕ್ಕೆ ಏಳು ಲಕ್ಷಣ ಕೊಟ್ಟರು. ನೋಡುವವರ ಕಸಿವಿಸಿಯೂ ಅದರಲ್ಲಿ ಒಂದು, ಆದರೆ ಅದು ನಿಮ್ಮ ಬೀಗರ ಕಸಿವಿಸಿ, ತಾಯಿಯದಲ್ಲ. ತಾಯಿಯದೆಂದರೆ ನಿದ್ದೆ ಹೋಗಿದೆ, ಒಲೆ ಬಿಟ್ಟಿದ್ದಾರೆ. ಇದಕ್ಕೆ ತೂಕವಿದೆ. ಈ ಅಳತೆಯೂ ಸೋರುತ್ತದೆ: ಒಳಗೆ ಬೇಯುತ್ತ ದಿನಾ ಜಿನ್ನಿಂಗ್ ಮಿಲ್ಲಿಗೆ ಹೋಗಿಬರುವವನು ಇದರಲ್ಲಿ ಸಿಕ್ಕಿಬೀಳುವುದಿಲ್ಲ.

ನಾಲ್ಕನೆಯದು ಮನಶ್ಶಾಸ್ತ್ರಜ್ಞೆ ಮೇರಿ ಜಹೋಡಾ 1958ರಲ್ಲಿ ಕೊಟ್ಟ ಆದರ್ಶ ಮಾನಸಿಕ ಆರೋಗ್ಯದ ಆರು ಗುಣಗಳು; ಅವು ಇಲ್ಲದಿದ್ದರೆ ಅಸಹಜ ಎನ್ನುವ ಅಳತೆ. ಆರೂ ಇರುವವರು ನಿಮ್ಮ ಓಣಿಯಲ್ಲಿದ್ದರೆ ನನಗೂ ತಿಳಿಸಿ.

ಹಾಗಾಗಿ ತಾಯಿಯನ್ನು ಅವರ ಹಿಂದಿನ ಸ್ಥಿತಿಯೊಂದಿಗೇ ಹೋಲಿಸಿ. ಒಂದು ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ದಿನ ಬರೆಯಿರಿ: ಯಾವ ಹೊತ್ತು, ಎಷ್ಟು ನಿಮಿಷ, ಯಾರಿದ್ದರು, ಅದಕ್ಕೆ ಮುಂಚೆ ಏನಾಯಿತು, ಹೆಸರು ಹಿಡಿದು ಕರೆದರೆ ಓಗೊಟ್ಟರೇ, ಆಮೇಲೆ ನೆನಪಿತ್ತೇ, ನಿದ್ದೆ ಎಷ್ಟು ತಾಸು. ಸಾಧ್ಯವಾದರೆ ವಿಡಿಯೊ ತೆಗೆಯಿರಿ, ಆದರೆ ಸ್ಟೇಟಸ್‌ಗೆ ಹಾಕಬೇಡಿ. ನಾಲಿಗೆ ಕಚ್ಚಿಕೊಂಡಿದ್ದರೆ, ಉಚ್ಚೆ ಹೋಗಿದ್ದರೆ, ನಿದ್ದೆಯಲ್ಲೇ ಬಂದರೆ ಫಿಟ್ಸ್ ಇರಬಹುದು. ಆಗ ಪಕ್ಕಕ್ಕೆ ಮಲಗಿಸಿ, ಕೈಗೆ ಚಾವಿ, ಮೂಗಿಗೆ ಈರುಳ್ಳಿ, ಚಪ್ಪಲಿ ಏನೂ ಬೇಡ. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ. ಐವತ್ತು ದಾಟಿದವರಲ್ಲಿ ಹೀಗೆ ಹೊಸದಾಗಿ ಏನಾದರೂ ಬದಲಾದರೆ ಮೊದಲು ದೇಹವನ್ನು ನೋಡಬೇಕು: ಸಕ್ಕರೆ, ಬಿಪಿ, ಥೈರಾಯ್ಡ್, ಸೋಡಿಯಂ, ಬಿ12. ನುಂಗುವ ಗುಳಿಗೆಗಳ ಚೀಟಿಯನ್ನೂ ಒಯ್ಯಿರಿ. ಎರಡು ತಿಂಗಳ ಹಿಂದೆ ಮನೆಯಲ್ಲಿ ಏನಾಯಿತು, ಸಾವೋ, ಸಾಲವೋ, ಹೊಲದ ಜಗಳವೋ, ತಾಯಿಯೊಬ್ಬರೇ ಇದ್ದಾಗ ಮೆಲ್ಲಗೆ ಕೇಳಿ. ‘ದೇವರು ಸುಳ್ಳು’ ಎಂದು ವಾದಕ್ಕಿಳಿಯಬೇಡಿ.

ಸಾಯುತ್ತೇನೆಂದರೆ ಅಥವಾ ಅನ್ನ ನೀರು ಬಿಟ್ಟರೆ ಹದಿನಾಲ್ಕು ದಿನ ಕಾಯಬೇಡಿ, ಅದೇ ದಿನ ಕೊಪ್ಪಳದ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ರಲ್ಲಿ ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡಬಹುದು. ಜಿಲ್ಲಾ ಮಟ್ಟದ ಮಾನಸಿಕ ಚಿಕಿತ್ಸೆಯ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಕಟ್ಟಿದ್ದೇ ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಇಷ್ಟಾಗಿಯೂ ಜನ ಮೊದಲು ಹುಡುಕುವುದು ತಾಯತದವನನ್ನು.

ಸಂಡೂರಿನಿಂದ: ಮಗನಿಗೆ ಗಂಡಸರೇ ಇಷ್ಟವಂತೆ. ವಾಸಿ ಮಾಡುವವರ ವಿಳಾಸ ಕೊಡಿ.

ಕೊಡುವುದಿಲ್ಲ. ಅಮೆರಿಕದ ಮನೋವೈದ್ಯರು 1973ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟರು. ವಾಸಿ ಮಾಡುತ್ತೇನೆ ಎಂದು ದುಡ್ಡು ಕೇಳುವವನು ಮೋಸಗಾರ.

ಲಿಂಗಸುಗೂರಿನಿಂದ: ಅಣ್ಣ ಗುಳಿಗೆ ನುಂಗುವುದಿಲ್ಲ. ನಾಟಿ ವೈದ್ಯರು ಕೊಟ್ಟ ಪುಡಿಯನ್ನು ಸಾರಿನಲ್ಲಿ ಕಲಸಿ ಕೊಡುತ್ತಿದ್ದೇವೆ, ರಾತ್ರಿ ಕಟ್ಟಿಹಾಕುತ್ತೇವೆ. ಸರಿಯೇ?

ಎರಡೂ ತಪ್ಪು. ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದಕ್ಕೆ ಕಾಯ್ದೆಯಲ್ಲಿ ನಿಷೇಧವಿದೆ. ಪುಡಿ ಇಂದೇ ನಿಲ್ಲಿಸಿ, ಆದರೆ ಪೊಟ್ಟಣ ಎಸೆಯಬೇಡಿ. ಅದರಲ್ಲಿ ಏನಿದೆಯೆಂದು ನಿಮಗೆ ಗೊತ್ತಿಲ್ಲ, ಆದ್ದರಿಂದ ಅಣ್ಣನ ಜೊತೆ ಅದನ್ನೂ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.