ಹಳೆ ಬಾತ್‌ರೂಮ್ ಹೊಸದು ಮಾಡಿಸುವಾಗ ಎಲ್ಲಿ ಉಳಿಸಬಹುದು?

ಮಹಡಿ ಮೇಲಿನ ಹಳೆ ಬಾತ್‌ರೂಮ್ ಹೊಸದು ಮಾಡಿಸಬೇಕು, ಬಜೆಟ್ ಕಮ್ಮಿ, ಎಲ್ಲಿ ಉಳಿಸಲಿ ಎಂದು ಕೇಳಿದ್ದೀರಿ. ಟೈಲ್ಸ್‌ನಲ್ಲಿ ಉಳಿಸಿ. ಅದರ ಕೆಳಗಿನ ಕೆಲಸದಲ್ಲಿ ಖಂಡಿತ ಬೇಡ. ಹಳೆ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಒಳಗೇ ತುಕ್ಕು ಹಿಡಿಯುತ್ತದೆ, ಗೋಡೆ ಒಡೆದಾಗಲೇ ತುಕ್ಕು ಹಿಡಿಯದ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿಸಿಬಿಡಿ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನೀರು ಕಟ್ಟಿ ಕನಿಷ್ಠ 24 ಗಂಟೆ ಬಿಡಿ. ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ತೇವ ಕಾಣದಿದ್ದರೆ ಮಾತ್ರ ಟೈಲ್ಸ್. ಮೇಸ್ತ್ರಿ ಎಷ್ಟೇ ಅವಸರ ಮಾಡಲಿ, ಇದನ್ನು ಬಿಡಬೇಡಿ. ಆಮೇಲೆ ಸೋರಿದರೆ ಹೊಸ ಟೈಲ್ಸನ್ನೇ ಒಡೆಯಬೇಕು, ಅಲ್ವಾ?

ಕಮೋಡ್ ಇದ್ದಲ್ಲೇ ಇರಲಿ. ಅದರ 4 ಇಂಚಿನ ಪೈಪ್ ಸರಿಸಲು ಸುಮ್ನೆ ಖರ್ಚು ಜಾಸ್ತಿ. ನೆಲಕ್ಕೆ ಮ್ಯಾಟ್ ಟೈಲ್ಸ್ ಹಾಕಿಸಿ. ಹೊಳೆಯುವ ಟೈಲ್ಸ್ ಒದ್ದೆಯಾದರೆ ಜಾರುತ್ತದೆ, ವಯಸ್ಸಾದವರಿದ್ದರಂತೂ ಬೇಡವೇ ಬೇಡ. ಅಂದಾಜಿನ ಮೇಲೆ ಶೇ. 10ರಷ್ಟಾದರೂ ದುಡ್ಡು ಕೈಯಲ್ಲಿರಲಿ.