ಶಿಕಾಗೋದ ಸಿಮಿಯನ್ ಹೈಸ್ಕೂಲಿನಲ್ಲಿ 25ನೇ ನಂಬರ್ ಜೆರ್ಸಿಗೆ ಯಾಕೆ ಅಷ್ಟು ಗೌರವ?

ಅದು ಬೆನ್ ವಿಲ್ಸನ್ ಹಾಕುತ್ತಿದ್ದ ನಂಬರ್. ಅಲ್ಲಿನ ಬಾಸ್ಕೆಟ್‌ಬಾಲ್ ಅಭಿಮಾನಿಗಳು ಅವನನ್ನು ಪ್ರೀತಿಯಿಂದ 'ಬೆಂಜಿ' ಅಂತಾರೆ.

1984ರಲ್ಲಿ ಸಿಮಿಯನ್ ತಂಡ ಇಲಿನಾಯ್ ರಾಜ್ಯದ ಚಾಂಪಿಯನ್ ಆಯಿತು. ಅದೇ ಬೇಸಿಗೆಯಲ್ಲಿ ನಡೆದ ದೊಡ್ಡ ಬಾಸ್ಕೆಟ್‌ಬಾಲ್ ಕ್ಯಾಂಪಿನಲ್ಲಿ ಬೆನ್‌ನನ್ನು ಇಡೀ ಅಮೆರಿಕದ ನಂಬರ್ ಒನ್ ಹೈಸ್ಕೂಲ್ ಆಟಗಾರ ಎಂದು ಗುರುತಿಸಿದರು. ಆರೂವರೆ ಅಡಿಗಿಂತ ಎತ್ತರದ ಹುಡುಗ. ಆದರೆ ಬುಟ್ಟಿಯ ಕೆಳಗೆ ಸುಮ್ನೆ ನಿಲ್ಲುವವನಲ್ಲ. ಗಾರ್ಡ್‌ಗಳ ಹಾಗೆ, ಅಂದರೆ ಚೆಂಡು ನಿಭಾಯಿಸುವ ಕುಳ್ಳಗಿನ ಆಟಗಾರರ ಹಾಗೆ, ಚೆಂಡು ಪುಟಿಸಿಕೊಂಡು ನುಗ್ಗುತ್ತಿದ್ದ, ಪಾಸ್ ಕೊಡುತ್ತಿದ್ದ, ದೂರದಿಂದಲೂ ಹಾಕುತ್ತಿದ್ದ. ಎತ್ತರವಿದ್ದೂ ಗಾರ್ಡ್ ಆಗಿ ಆಡುತ್ತಿದ್ದ ತಾರೆ ಮ್ಯಾಜಿಕ್ ಜಾನ್ಸನ್ ಜೊತೆ ಹೋಲಿಸುತ್ತಿದ್ದದ್ದು ಅದಕ್ಕೇ.

ಅದೇ ವರ್ಷ ನವೆಂಬರ್ 20ರಂದು ಶಾಲೆಯ ಹತ್ತಿರದ ಬೀದಿಯಲ್ಲಿ ಅವನಿಗೆ ಗುಂಡು ಬಿತ್ತು. ಮರುದಿನ ಬೆಳಗ್ಗೆ ತೀರಿಕೊಂಡ. ಬರೀ 17 ವರ್ಷ. ಹೊಸ ಸೀಸನ್ ಇನ್ನೇನು ಶುರುವಾಗಬೇಕಿತ್ತು. ಶಾಲೆಯ ಜಿಮ್‌ನಲ್ಲೇ ಅಂತಿಮ ದರ್ಶನಕ್ಕೆ ಸಾವಿರಾರು ಜನ ಬಂದರು.

ನನಗೆ ಜಾಸ್ತಿ ತಟ್ಟುವುದು ಆಮೇಲಿನ ಸಂಗತಿ. ಸಾಮಾನ್ಯವಾಗಿ ದೊಡ್ಡ ಆಟಗಾರನ ಜೆರ್ಸಿಯನ್ನು ಯಾರಿಗೂ ಕೊಡದೆ ಎತ್ತಿಡುತ್ತಾರೆ, ಅಲ್ವಾ? ಇಲ್ಲಿ ಒಳ್ಳೆಯ ಹುಡುಗರು ಅದನ್ನೇ ಹಾಕಿಕೊಂಡು ಆಡಿದರು. ಅವನ ನೆನಪಿಗೆ ಇದಕ್ಕಿಂತ ದೊಡ್ಡ ಗೌರವ ನನಗೆ ತೋಚುವುದಿಲ್ಲ. ಸಿಮಿಯನ್‌ನಲ್ಲೇ ಓದಿದ ನಿಕ್ ಆಂಡರ್ಸನ್ ಮುಂದೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಒರ್ಲ್ಯಾಂಡೊ ತಂಡದಲ್ಲೂ 25 ಹಾಕಿದರು. ಮುಂದೆ ಎನ್‌ಬಿಎ ತಾರೆಯಾದ ಡೆರಿಕ್ ರೋಸ್ ಅದೇ ಜೆರ್ಸಿಯಲ್ಲಿ 2006 ಮತ್ತು 2007ರಲ್ಲಿ ಸಿಮಿಯನ್‌ಗೆ ರಾಜ್ಯ ಪ್ರಶಸ್ತಿ ಗೆದ್ದುಕೊಟ್ಟರು.