ಗಡಿಯಾಚೆಯ ಹಳೆಯ ಆಡಿಯೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜಪಾನಿನಿಂದ ಹಳೆಯ ಆಂಪ್ಲಿಫೈಯರ್, ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ (ಮೋಟಾರು ಬೆಲ್ಟಿನ ಮೂಲಕ ತಿರುಗಿಸುವ ರೆಕಾರ್ಡ್ ಪ್ಲೇಯರ್) ಎರಡನ್ನೂ ತರಿಸಬೇಕೆಂದಿದ್ದೇನೆ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದ್ದರೆ ಸಾಕಲ್ಲವೇ?

ಉತ್ತರ: ಆಂಪ್ಲಿಫೈಯರ್‌ಗೆ ಸಾಕು, ಟರ್ನ್‌ಟೇಬಲ್‌ಗೆ ಸಾಲದೇ ಹೋಗಬಹುದು. ಹಣ ಕಳಿಸುವ ಮುಂಚೆ ಎರಡರ ಹಿಂಬದಿಯ ಪ್ಲೇಟಿನ ಫೋಟೋ ತರಿಸಿಕೊಂಡು ವೋಲ್ಟ್, ಹರ್ಟ್ಸ್ ಎರಡನ್ನೂ ಓದಿ. ಜಪಾನಿನದು 100 ವೋಲ್ಟ್. ಅಮೆರಿಕದ ಸಾಮಾನಿಗೆಂದು ಮಾರುವ 120 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೆ ಶೇಕಡಾ 20ರಷ್ಟು ಹೆಚ್ಚು ವೋಲ್ಟೇಜ್ ಬಿದ್ದು, ಮೊದಲೇ ಹಳತಾದ ಕೆಪಾಸಿಟರ್‌ಗಳು ಹೋಗಬಹುದು. ಔಟ್‌ಪುಟ್ 100 ವೋಲ್ಟೇ ಇರಲಿ. ಪ್ಲೇಟಿನಲ್ಲಿ 200 ವ್ಯಾಟ್ ಎಂದಿದ್ದರೆ ಟ್ರಾನ್ಸ್‌ಫಾರ್ಮರ್ 300ರಿಂದ 400 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ತಾಳುವಂಥದ್ದಾಗಿರಬೇಕು.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, ಹರ್ಟ್ಸನ್ನಲ್ಲ. ಜಪಾನಿನ ಪೂರ್ವಭಾಗದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60. ಎಸಿ ಸಿಂಕ್ರೊನಸ್ ಮೋಟಾರಿನ ವೇಗ ಹರ್ಟ್ಸನ್ನೇ ಅನುಸರಿಸುವುದರಿಂದ, 60 ಹರ್ಟ್ಸಿಗೆಂದು ಮಾಡಿದ ಪುಲ್ಲಿ (ಮೋಟಾರಿನ ತುದಿಯಲ್ಲಿ ಬೆಲ್ಟ್ ಸುತ್ತುವ ಗಾಲಿ) ಇರುವ ಟರ್ನ್‌ಟೇಬಲ್ ನಿಮ್ಮಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು ಸುಮಾರು 27.8 ಸುತ್ತು ತಿರುಗಿ ಹಾಡೆಲ್ಲ ಎಳೆದಂತೆ ಕೇಳುತ್ತದೆ. 50 ಹರ್ಟ್ಸ್ ಪುಲ್ಲಿ ಸಿಗುವುದಾದರೆ ಮಾತ್ರ ಕೊಳ್ಳಿ. ಬೆಲ್ಟಿಲ್ಲದೆ ಮೋಟಾರೇ ನೇರ ತಿರುಗಿಸುವ, ಕ್ವಾರ್ಟ್ಜ್ ಹರಳಿನಿಂದ ವೇಗ ಹಿಡಿದಿಡುವ (ಕ್ವಾರ್ಟ್ಜ್ ಲಾಕ್) ಡೈರೆಕ್ಟ್ ಡ್ರೈವ್‌ಗೆ ಈ ತೊಂದರೆಯಿಲ್ಲ.

ಪ್ರಶ್ನೆ: ಸುಂಕ ಉಳಿಸಲು ‘ಗಿಫ್ಟ್’ ಎಂದು ಬರೆದು ಬೆಲೆ ಕಡಿಮೆ ತೋರಿಸಿ ಅನ್ನುತ್ತಾರೆ ನನ್ನಿಂದ ಕೊಳ್ಳುವ ಹೊರದೇಶದವರು. ಒಪ್ಪಬಹುದೇ?

ಉತ್ತರ: ಬೇಡವೇ ಬೇಡ. ಅದು ಸುಳ್ಳು ಘೋಷಣೆ. ಸಿಕ್ಕಿಬಿದ್ದರೆ ದಂಡ ಬೀಳಬಹುದು, ಸಾಮಾನೂ ಜಪ್ತಿಯಾಗಬಹುದು. ದಾರಿಯಲ್ಲಿ ಒಡೆದರೆ ವಿಮೆ ಸಿಗುವುದೂ ಘೋಷಿಸಿದ ಬೆಲೆಯ ಮಿತಿಯಲ್ಲೇ. ಎಷ್ಟೋ ದೇಶಗಳಲ್ಲಿ ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿ ಅದರ ಮೇಲೆ ಸುಂಕ ಹಾಕುತ್ತಾರೆ; ಇದನ್ನು ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ. ಸಾಗಣೆಯ ಲೆಕ್ಕವೂ ತೂಕವೊಂದರಿಂದಲೇ ಆಗುವುದಿಲ್ಲ, ಪೆಟ್ಟಿಗೆಯ ಗಾತ್ರವೂ ಸೇರುತ್ತದೆ. 60×50×35 ಸೆಂ.ಮೀ. ಪೆಟ್ಟಿಗೆಯ ಮೂರೂ ಅಳತೆ ಗುಣಿಸಿ 5000ರಿಂದ ಭಾಗಿಸುವ ಕೊರಿಯರ್, ಒಳಗಿರುವುದು 14 ಕಿಲೋ ಆದರೂ 21 ಕಿಲೋಗೆ ದುಡ್ಡು ಕೇಳುತ್ತದೆ.

ಪ್ರಶ್ನೆ: ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್ ಕಳಿಸಬೇಕು. ಪ್ಯಾಕಿಂಗ್ ಹೇಗೆ?

ಉತ್ತರ: ವಾಲ್ವ್‌ಗಳನ್ನು ಕಿತ್ತು, ಯಾವ ಸಾಕೆಟ್ಟಿನದು ಎಂದು ಚೀಟಿ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಸುತ್ತಿಡಿ. ದೊಡ್ಡ ಅಪಾಯ ಇರುವುದು ಆಂಪ್ಲಿಫೈಯರಿನಲ್ಲೇ ಇರುವ ಟ್ರಾನ್ಸ್‌ಫಾರ್ಮರಿನಿಂದ: ಪೆಟ್ಟಿಗೆ ಕೆಳಗೆ ಬಿದ್ದಾಗ ಅದರ ಭಾರಕ್ಕೆ ಷಾಸಿ (ಲೋಹದ ಚೌಕಟ್ಟು) ಬಗ್ಗುತ್ತದೆ, ಬೋಲ್ಟ್ ತುಂಡಾಗುತ್ತದೆ. ಹಾಗಾಗಿ ಬೋಲ್ಟ್ ಬಿಗಿ ನೋಡಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಅದನ್ನು ಇನ್ನೊಂದು ಪೆಟ್ಟಿಗೆಯೊಳಗಿಡಿ. ನಡುವೆ ಎಲ್ಲ ಕಡೆಯೂ ಕನಿಷ್ಠ 5 ಸೆಂ.ಮೀ. ಗಟ್ಟಿ ಫೋಮ್ ಇರಬೇಕು. ಥರ್ಮಾಕೋಲ್ ಕಾಳು ಸುರಿದರೆ ಭಾರದ ಸಾಮಾನು ಮೆಲ್ಲಗೆ ಜಾರಿ ತಳ ಸೇರುತ್ತದೆ.

ಸೀರಿಯಲ್ ನಂಬರ್, ಆಂಪ್ಲಿಫೈಯರ್ ಹಾಡುತ್ತಿರುವ ವಿಡಿಯೋ, ಪ್ಯಾಕಿಂಗಿನ ಪ್ರತಿ ಹಂತದ ಫೋಟೋ ಇಟ್ಟುಕೊಳ್ಳಿ. ಪೆಟ್ಟಿಗೆ ಜಜ್ಜಿ ಬಂದರೆ ಬಿಚ್ಚುವ ಮೊದಲೇ ಫೋಟೋ ತೆಗೆಯಲು, ಕ್ಲೇಮ್ ಮುಗಿಯುವವರೆಗೆ ರಟ್ಟು, ಫೋಮ್ ಎಸೆಯದಿರಲು ಕೊಳ್ಳುವವರಿಗೆ ಹೇಳಿ.